ಸಿಇಟಿ ರ‍್ಯಾಂಕ್‌ಗೆ ಯಾವ ಕಾಲೇಜು ಸಿಗಬಹುದು? ನೀವೇ ಲೆಕ್ಕ ಹಾಕಿಕೊಳ್ಳುವ ಬಗೆ

ಸೆಕೆಂಡ್ ಪಿಯು ಫಲಿತಾಂಶ ಬಂದ ದಿನದಿಂದ ಸೀಟು ಹಂಚಿಕೆ ಮುಗಿಯುವ ತನಕ ವಿಜ್ಞಾನ ಓದಿದ ಮಕ್ಕಳಿರುವ ಮನೆಗಳಲ್ಲಿ ಒಂದೇ ಮಾತು. 'ಇಷ್ಟು ಮಾರ್ಕ್ಸ್ ಬಂದಿದೆ, ಆರ್‌ವಿ ಸಿಗುತ್ತಾ? ಬಿಎಂಎಸ್ ಆದ್ರೂ ಸಿಗಬಹುದಾ?' ಎರಡೂ ಬೆಂಗಳೂರಿನ ಹೆಸರಾಂತ ಎಂಜಿನಿಯರಿಂಗ್ ಕಾಲೇಜುಗಳು. ಪಕ್ಕದ ಮನೆಯವರು ಒಂದು ಹೇಳುತ್ತಾರೆ, ಕೋಚಿಂಗ್ ಸೆಂಟರಿನವರು ಇನ್ನೊಂದು, ಟೆಲಿಗ್ರಾಂ ಗುಂಪಿನಲ್ಲಿ ಹೆಸರೂ ಗೊತ್ತಿಲ್ಲದವರು ಮತ್ತೊಂದು. ಈ ಪ್ರಶ್ನೆಗೆ ಉತ್ತರ ಕೊಡಬಲ್ಲ ದಾಖಲೆಯನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರವೇ, ಅಂದರೆ ನಾವೆಲ್ಲ ಕೆಇಎ ಎನ್ನುವ ಸಂಸ್ಥೆಯೇ, ಪ್ರತಿ ವರ್ಷ ತನ್ನ ಜಾಲತಾಣದಲ್ಲಿ ಹಾಕುತ್ತದೆ. ದುಡ್ಡು ಕೊಡಬೇಕಾಗಿಲ್ಲ, ಯಾರ ಶಿಫಾರಸೂ ಬೇಡ. ಅದನ್ನು ಓದುವ ಕ್ರಮ ಗೊತ್ತಿದ್ದರೆ ಸಾಕು.

ಎಂಜಿನಿಯರಿಂಗ್ ಸೀಟನ್ನು ಇಟ್ಟುಕೊಂಡು ವಿವರಿಸುತ್ತೇನೆ. ಕೃಷಿ, ಪಶುವೈದ್ಯ, ಫಾರ್ಮಸಿ ಸೀಟುಗಳಿಗೆ ರ‍್ಯಾಂಕ್ ಲೆಕ್ಕ ಬೇರೆ. ಆದರೆ ಕಟ್‌ಆಫ್, ಅಂದರೆ ಸೀಟು ಮುಗಿದ ಕೊನೆಯ ರ‍್ಯಾಂಕ್, ಓದುವ ವಿಧಾನ ಹೆಚ್ಚುಕಡಿಮೆ ಇದೇ.

1. ಮೊದಲು ನಿಮ್ಮ ಅಂಕದ ಲೆಕ್ಕ

ಎಂಜಿನಿಯರಿಂಗ್ ರ‍್ಯಾಂಕ್‌ಗೆ ಅರ್ಧ ತೂಕ ಪಿಯು ಅಂಕಕ್ಕೆ, ಅರ್ಧ ತೂಕ ಸಿಇಟಿ (ಕೆಇಎ ನಡೆಸುವ ಸಾಮಾನ್ಯ ಪ್ರವೇಶ ಪರೀಕ್ಷೆ) ಅಂಕಕ್ಕೆ. ಎರಡರಲ್ಲೂ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮಾತ್ರ. ಕನ್ನಡ, ಇಂಗ್ಲಿಷಿನಲ್ಲಿ ನೂರಕ್ಕೆ ನೂರು ತೆಗೆದಿದ್ದರೂ ಇಲ್ಲಿ ಅದು ಲೆಕ್ಕಕ್ಕಿಲ್ಲ.

ಪಿಯುನಲ್ಲಿ ಮೂರು ವಿಷಯಕ್ಕೆ ಒಟ್ಟು 300 ಅಂಕ. ಸಿಇಟಿಯಲ್ಲಿ ವಿಷಯಕ್ಕೆ 60ರಂತೆ 180. ಒಬ್ಬ ವಿದ್ಯಾರ್ಥಿಗೆ ಪಿಯುನಲ್ಲಿ 270, ಸಿಇಟಿಯಲ್ಲಿ 90 ಬಂದಿದೆ ಅಂದುಕೊಳ್ಳಿ. ಪಿಯು 90 ಶೇಕಡ, ಅದರ ಅರ್ಧ 45. ಸಿಇಟಿ 50 ಶೇಕಡ, ಅದರ ಅರ್ಧ 25. ಒಟ್ಟು 70. ಈ ಮೊತ್ತವನ್ನು ಮೇಲಿನಿಂದ ಕೆಳಗೆ ಜೋಡಿಸಿದರೆ ರ‍್ಯಾಂಕ್ ಪಟ್ಟಿ.

ಈ ಲೆಕ್ಕದಲ್ಲಿ ಬಹಳ ಮಂದಿ ಗಮನಿಸದ ಒಂದು ಸಂಗತಿ ಇದೆ. ಸಿಇಟಿಯ 3 ಅಂಕ ಪಿಯುನ 5 ಅಂಕಕ್ಕೆ ಸಮ. ಇನ್ನೂ ಪರೀಕ್ಷೆ ಬರೆಯದ ಮಕ್ಕಳು ಇದನ್ನು ಗೋಡೆಗೆ ಅಂಟಿಸಿಕೊಳ್ಳಬೇಕು. ಪಿಯು ಅಂಕ ಈಗ ಬಹಳ ಮಂದಿಗೆ 90ರ ಮೇಲೇ ಬರುತ್ತದೆ, ಹಾಗಾಗಿ ಅಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ಅಂತರ ಕಡಿಮೆ. ರ‍್ಯಾಂಕ್ ಮೇಲೆ ಕೆಳಗೆ ಆಗುವುದು ಹೆಚ್ಚಾಗಿ ಸಿಇಟಿಯಲ್ಲಿ. ಜೊತೆಗೆ ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಒಂದು ಪ್ರಶ್ನೆಯನ್ನೂ ಖಾಲಿ ಬಿಟ್ಟು ಬರಬೇಡಿ.

ಪಿಯು ಅಂಕ ಕಮ್ಮಿಯಾಯಿತು ಅನ್ನಿಸಿದರೆ ಅದೇ ವರ್ಷ ಮತ್ತೆ ಬರೆಯಬಹುದಾದ ಪರೀಕ್ಷೆ-2 ಇದೆ. ಆದರೆ ಅದರ ಅಂಕ ರ‍್ಯಾಂಕ್‌ಗೆ ಸೇರಬೇಕಾದರೆ ಆ ವರ್ಷದ ಕೆಇಎ ಪ್ರಕಟಣೆ ಏನು ಹೇಳುತ್ತದೆ, ಕೊನೆಯ ದಿನ ಯಾವುದು ಎಂದು ಓದಿಕೊಂಡೇ ಮುಂದುವರಿಯಿರಿ. ಸಿಬಿಎಸ್‌ಇ, ಐಎಸ್‌ಸಿಯವರು 12ನೇ ತರಗತಿಯ ಅಂಕವನ್ನು ಕೆಇಎ ಜಾಲತಾಣದಲ್ಲಿ ತಾವೇ ತುಂಬಬೇಕಾಗಿ ಬರುತ್ತದೆ. ಅದನ್ನು ಮರೆತರೆ ರ‍್ಯಾಂಕೇ ಬರುವುದಿಲ್ಲ.

2. 'ಇಷ್ಟು ಅಂಕಕ್ಕೆ ಇಷ್ಟು ರ‍್ಯಾಂಕ್' ಪಟ್ಟಿಗಳನ್ನು ಪಕ್ಕಕ್ಕಿಡಿ

ಯೂಟ್ಯೂಬ್ ತುಂಬ ಇಂಥ ಪಟ್ಟಿಗಳೇ. ನನಗೆ ಇವುಗಳ ಮೇಲೆ ನಂಬಿಕೆ ಕಮ್ಮಿ, ಅದಕ್ಕೆ ಕಾರಣವೂ ಇದೆ. 2021ರಲ್ಲಿ ಕೋವಿಡ್‌ನಿಂದಾಗಿ ಪಿಯು ಅಂಕವನ್ನೇ ಬಿಟ್ಟು ಸಿಇಟಿ ಅಂಕದ ಮೇಲೆ ರ‍್ಯಾಂಕ್ ಕೊಟ್ಟರು. ಮರುವರ್ಷ, ಹಿಂದಿನ ಸಾಲಿನಲ್ಲಿ ಪಿಯು ಮುಗಿಸಿ ಮತ್ತೆ ಸಿಇಟಿ ಬರೆದವರ ಅಂಕವನ್ನು ಹೇಗೆ ಪರಿಗಣಿಸಬೇಕು ಎಂಬ ಜಗಳ ಹೈಕೋರ್ಟ್ ಮೆಟ್ಟಿಲೇರಿತು. 2024ರಲ್ಲಿ ಪಠ್ಯಕ್ರಮದ ಹೊರಗಿನ ಪ್ರಶ್ನೆಗಳು ಬಂದವು ಎಂಬ ಗಲಾಟೆಯಾಗಿ ನಾಲ್ಕು ವಿಷಯಗಳಿಂದ 50 ಪ್ರಶ್ನೆ ಕೈಬಿಟ್ಟರು. ರ‍್ಯಾಂಕ್ ಪಡೆದವರ ಸಂಖ್ಯೆಯೂ ಒಂದೇ ಸಮ ಇಲ್ಲ. 2023ರಲ್ಲಿ ಎಂಜಿನಿಯರಿಂಗ್ ರ‍್ಯಾಂಕ್ ಸಿಕ್ಕಿದ್ದು ಎರಡು ಲಕ್ಷದ ಚಿಲ್ಲರೆ ಮಂದಿಗೆ, 2024ರಲ್ಲಿ ಎರಡೂ ಮುಕ್ಕಾಲು ಲಕ್ಷದ ಹತ್ತಿರ ಹೋಯಿತು.

ಹೀಗಿರುವಾಗ ಹೋದ ವರ್ಷ 70 ಬಂದವರ ರ‍್ಯಾಂಕ್ ಈ ವರ್ಷ 70 ಬಂದವರಿಗೆ ಸಿಗಬೇಕೆಂದೇನೂ ಇಲ್ಲ. ಅದಕ್ಕಿಂತ ನಂಬಬಹುದಾದದ್ದು ಎಷ್ಟು ರ‍್ಯಾಂಕ್‌ಗೆ ಯಾವ ಸೀಟು ಮುಗಿಯಿತು ಎಂಬ ಲೆಕ್ಕ. ಪ್ರಶ್ನೆಪತ್ರಿಕೆ ಸುಲಭವಾಗಲಿ ಕಷ್ಟವಾಗಲಿ, ಮೊದಲ ಸಾವಿರ ಮಂದಿ ಯಾವ ಕಾಲೇಜು, ಯಾವ ಬ್ರಾಂಚ್ ಹಿಡಿಯುತ್ತಾರೆ ಅನ್ನುವುದು ವರ್ಷದಿಂದ ವರ್ಷಕ್ಕೆ ಅಷ್ಟೇನೂ ಬದಲಾಗುವುದಿಲ್ಲ. ರ‍್ಯಾಂಕ್ ಇನ್ನೂ ಬಂದಿಲ್ಲವಾದರೆ ಒಂದು ಸಂಖ್ಯೆಗೆ ಅಂಟಿಕೊಳ್ಳಬೇಡಿ. '8 ಸಾವಿರದಿಂದ 14 ಸಾವಿರದೊಳಗೆ' ಎಂಬಂತೆ ಒಂದು ಅಂದಾಜು ಇಟ್ಟುಕೊಂಡು ಎರಡೂ ತುದಿಗೆ ಪಟ್ಟಿ ಮಾಡಿ.

3. ಕಟ್‌ಆಫ್ ಪಿಡಿಎಫ್ ಓದುವುದು

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿ. ಸೀಟು ಹಂಚಿಕೆ ಹಲವು ಸುತ್ತುಗಳಲ್ಲಿ ನಡೆಯುತ್ತದೆ, ಕೆಇಎ ಪ್ರತಿ ಸುತ್ತಿನ ನಂತರ ಒಂದು ಉದ್ದ ಪಿಡಿಎಫ್ ಹಾಕುತ್ತದೆ. ಅದರಲ್ಲಿ ಪ್ರತಿ ಕಾಲೇಜಿಗೂ ಒಂದು ಕೋಷ್ಟಕ. ಎಡಗಡೆ ಬ್ರಾಂಚ್‌ಗಳು, ಮೇಲ್ಗಡೆ ಅಡ್ಡಕ್ಕೆ ಪ್ರವರ್ಗಗಳು, ಅಂದರೆ ಮೀಸಲಾತಿ ಗುಂಪುಗಳು. ಪ್ರತಿ ಚೌಕದಲ್ಲಿ ಇರುವ ಸಂಖ್ಯೆ ಆ ಸೀಟು ಪಡೆದ ಕೊನೆಯ ವಿದ್ಯಾರ್ಥಿಯ ರ‍್ಯಾಂಕ್. ಅಡ್ಡಗೆರೆ ಇದ್ದರೆ ಆ ಪ್ರವರ್ಗದಲ್ಲಿ ಆ ಸುತ್ತಿನಲ್ಲಿ ಸೀಟು ಹಂಚಿಕೆಯಾಗಿಲ್ಲ ಎಂದು ತಿಳಿಯಿರಿ.

ಮೊದಲ ಸಲ ನೋಡಿದವರಿಗೆ ತಲೆಬರಹಗಳೇ ಗೊಂದಲ. 1ಜಿ, 1ಕೆ, 1ಆರ್, 2ಎಜಿ, 2ಎಕೆ, 2ಎಆರ್ ಹೀಗೆ ಸಾಗುತ್ತದೆ. ಮೊದಲ ಭಾಗ ಪ್ರವರ್ಗ: 1, 2ಎ, 2ಬಿ, 3ಎ, 3ಬಿ, ಎಸ್‌ಸಿ, ಎಸ್‌ಟಿ, ಮತ್ತು ಜಾತಿ ಮೀಸಲು ಇಲ್ಲದ ಜಿಎಂ (ಜನರಲ್ ಮೆರಿಟ್). ಕೊನೆಯ ಅಕ್ಷರ ಒಳಮೀಸಲು. ಜಿ ಎಂದರೆ ಸಾಮಾನ್ಯ, ಕೆ ಎಂದರೆ ಒಂದರಿಂದ ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ, ಆರ್ ಎಂದರೆ ಆ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆ. ಗ್ರಾಮೀಣರಿಗೆ 15 ಶೇಕಡ, ಕನ್ನಡ ಮಾಧ್ಯಮಕ್ಕೆ 5 ಶೇಕಡ ಸೀಟು ಹೀಗೆ ಮೀಸಲು. ಕೊನೆಗೆ 'ಎಚ್' ಸೇರಿದ್ದರೆ ಅದು ಸಂವಿಧಾನದ 371ಜೆ ವಿಧಿಯ ಅಡಿಯ ಕಲ್ಯಾಣ ಕರ್ನಾಟಕದ ಸೀಟು. ಆ ಭಾಗದ ಕಾಲೇಜುಗಳಲ್ಲಿ 70 ಶೇಕಡ, ಉಳಿದ ಕಡೆ 8 ಶೇಕಡ ಸೀಟು ಅಲ್ಲಿನವರಿಗೆ. ಬೀದರ್, ಕಲಬುರಗಿ, ರಾಯಚೂರಿನ ಕಡೆಯ ಎಷ್ಟೋ ಮಕ್ಕಳು ಬೆಂಗಳೂರಿನ ಕಾಲೇಜುಗಳ ಜಿಎಂ ಸಂಖ್ಯೆ ನೋಡಿಯೇ 'ನಮಗೆಲ್ಲಿ ಸಿಗುತ್ತೆ' ಎಂದು ಕೈಚೆಲ್ಲುತ್ತಾರೆ. ಎಚ್ ಸೇರಿದ ಕೋಷ್ಟಕವನ್ನು ಅವರು ತೆರೆದೇ ಇರುವುದಿಲ್ಲ.

2ಎಗೆ ಸೇರಿದ, ಹಳ್ಳಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿಗೆ 2ಎಜಿ, 2ಎಕೆ, 2ಎಆರ್ ಮೂರೂ ತೆರೆದ ಬಾಗಿಲು. ಜಿಎಂ ಅಂತೂ ಎಲ್ಲರದು, ಮೀಸಲಾತಿ ಇರುವವರೂ ರ‍್ಯಾಂಕ್ ಇದ್ದರೆ ಅದರಲ್ಲೇ ಸೀಟು ಪಡೆಯುತ್ತಾರೆ. ಹಾಗಾಗಿ ಎಲ್ಲ ಅಂಕಣವನ್ನೂ ನೋಡಿ, ಅದರಲ್ಲಿ ದೊಡ್ಡ ಸಂಖ್ಯೆ ಎಲ್ಲಿದೆ ಎಂದು ಗುರುತು ಹಾಕಬೇಕು. ಕೆ, ಆರ್ ಇದ್ದ ಮಾತ್ರಕ್ಕೆ ಸಲೀಸು ಎಂದುಕೊಳ್ಳಬೇಡಿ. ಕೆಲವು ಬ್ರಾಂಚಿನಲ್ಲಿ 2ಎಕೆಗೆ ಇರುವುದೇ ಒಂದು ಸೀಟು. ಅದು ಒಂದು ವರ್ಷ 6 ಸಾವಿರಕ್ಕೆ, ಮರುವರ್ಷ 15 ಸಾವಿರಕ್ಕೆ ಮುಗಿಯಬಹುದು. ಒಂದು ಸೀಟಿನ ಅಂಕಣದ ಮೇಲೆ ಭವಿಷ್ಯ ಹೇಳಲು ಹೋಗಬಾರದು.

ಇನ್ನೆರಡು ಸಣ್ಣ ವಿಷಯ. ಕೆಲವು ಹಳೆಯ ಕಾಲೇಜುಗಳಿಗೆ ಎರಡು ಕೋಡ್ ಇರುತ್ತದೆ, ಒಂದು ಅನುದಾನಿತ ವಿಭಾಗಕ್ಕೆ, ಇನ್ನೊಂದು ಅನುದಾನರಹಿತಕ್ಕೆ. ಕಟ್ಟಡ ಅದೇ, ಮೇಷ್ಟ್ರುಗಳೂ ಬಹುಮಟ್ಟಿಗೆ ಅವರೇ. ಶುಲ್ಕ ಬೇರೆ, ಕಟ್‌ಆಫ್ ಬೇರೆ. ಎರಡನ್ನೂ ಹುಡುಕಿ. ಎಸ್‌ಎನ್‌ಕ್ಯೂ ಎಂಬುದು ನಿಗದಿತ ಸೀಟಿಗಿಂತ ಹೆಚ್ಚುವರಿಯಾಗಿ ಕೊಡುವ 5 ಶೇಕಡ ಸೀಟು, ಬೋಧನಾ ಶುಲ್ಕ ಇರುವುದಿಲ್ಲ, ಕುಟುಂಬದ ವರಮಾನ ವರ್ಷಕ್ಕೆ 8 ಲಕ್ಷದೊಳಗೆ ಇರಬೇಕು. ಇದರ ಕಟ್‌ಆಫ್ ಜಿಎಂಗಿಂತ ಬಿಗಿಯಾಗಿರಬಹುದು, ಯಾಕೆಂದರೆ ಎಲ್ಲರ ಕಣ್ಣೂ ಅದರ ಮೇಲೆಯೇ.

4. ಮೂರು ವರ್ಷ, ಕೊನೆಯ ಸುತ್ತು, ಮೂರು ಗುಂಪು

ಒಂದು ನೋಟ್‌ಬುಕ್ ಸಾಕು, ಎಕ್ಸೆಲ್ ಬಂದರೆ ಇನ್ನೂ ಚೆಂದ. ನಿಮಗೆ ಬೇಕಾದ ಪ್ರತಿ ಕಾಲೇಜು-ಬ್ರಾಂಚ್ ಜೋಡಿಗೆ ಒಂದು ಸಾಲು. ಹಿಂದಿನ ಮೂರು ವರ್ಷಗಳ ಮೊದಲ ಸುತ್ತು ಮತ್ತು ಕೊನೆಯ ಸುತ್ತಿನ ಸಂಖ್ಯೆ ಬರೆದುಕೊಳ್ಳಿ. ಮೊದಲ ಸುತ್ತಿಗೂ ಕೊನೆಯದಕ್ಕೂ ಅಂತರ ಸಾಕಷ್ಟು ಇರುತ್ತದೆ. ಮೇಲಿನ ರ‍್ಯಾಂಕಿನವರು ಐಐಟಿ, ಎನ್‌ಐಟಿ, ಮೆಡಿಕಲ್ ಸೀಟು ಸಿಕ್ಕಿ ಬಿಟ್ಟು ಹೋದಾಗ ಕೆಳಗಿನವರು ಮೇಲೇರುತ್ತಾರೆ.

ಲೆಕ್ಕಕ್ಕೆ ಸಂಖ್ಯೆಗಳನ್ನು ಕಲ್ಪಿಸಿಕೊಳ್ಳೋಣ. ಒಂದು ಕಾಲೇಜಿನ ಎಲೆಕ್ಟ್ರಾನಿಕ್ಸ್ ನಿಮ್ಮ ಪ್ರವರ್ಗದಲ್ಲಿ ಕೊನೆಯ ಸುತ್ತಿಗೆ 6,800, 7,900, 7,200ಕ್ಕೆ ಮುಗಿದಿದೆ.

ನಿಮ್ಮ ರ‍್ಯಾಂಕ್ 5,400 ಆಗಿದ್ದರೆ, ಅಂದರೆ ಮೂರರಲ್ಲಿ ಅತಿ ಚಿಕ್ಕ ಸಂಖ್ಯೆಗಿಂತಲೂ ಐದನೇ ಒಂದು ಭಾಗದಷ್ಟು ಒಳಗಿದ್ದರೆ, ಅದನ್ನು 'ಕೈಗೆ ಸಿಗುವ' ಗುಂಪಿಗೆ ಹಾಕಿ. 7,500 ಆಗಿದ್ದರೆ ಮೂರು ವರ್ಷದಲ್ಲಿ ಒಂದೇ ವರ್ಷ ಸಿಗುತ್ತಿತ್ತು. ಇದು 'ತೂಗಾಡುವ' ಗುಂಪು. 9,300 ಆಗಿದ್ದರೆ 'ಆಸೆ'ಯ ಗುಂಪು. ಆಸೆ ಪಡುವುದಕ್ಕೆ ಅಡ್ಡಿಯಿಲ್ಲ, ಅಪ್ಪ-ಅಮ್ಮನಿಗೆ 'ಸಿಕ್ಕೇ ಸಿಗುತ್ತೆ' ಎಂದು ಮಾತು ಕೊಡಬೇಡಿ ಅಷ್ಟೆ. 20 ಸಾವಿರದವರು ಈ ಸಾಲನ್ನು ಬರೆಯದೇ ಇದ್ದರೂ ನಡೆಯುತ್ತದೆ. ಐದನೇ ಒಂದು ಭಾಗ ಎಂಬುದು ಸರ್ಕಾರದ ನಿಯಮವಲ್ಲ, ನನ್ನ ಅಂದಾಜು. ಮೇಲಿನ ರ‍್ಯಾಂಕ್‌ಗಳಲ್ಲಿ ಇನ್ನೂ ಬಿಗಿ ಹಿಡಿಯಿರಿ. ಆರ್‌ವಿ ಕಂಪ್ಯೂಟರ್ ಸೈನ್ಸ್‌ನ ಜಿಎಂ ಸೀಟು ಮೊದಲ ಕೆಲವು ನೂರು ರ‍್ಯಾಂಕ್‌ಗಳಲ್ಲೇ ಖಾಲಿಯಾಗುತ್ತದೆ. ಅಲ್ಲಿ ಐವತ್ತು ರ‍್ಯಾಂಕ್ ಕೂಡ ದೊಡ್ಡದೇ. ಅದೇ ಆವರಣದ ಸಿವಿಲ್ ಹಲವು ಸಾವಿರದ ಆಚೆಗೂ ಹೋಗುತ್ತದೆ. ಹಾಗಾಗಿ 'ಆರ್‌ವಿ ಸಿಗುತ್ತಾ' ಎಂಬ ಪ್ರಶ್ನೆಯೇ ಅರ್ಧ ಪ್ರಶ್ನೆ. ಯಾವ ಬ್ರಾಂಚ್, ಯಾವ ಪ್ರವರ್ಗ, ಯಾವ ಸುತ್ತು ಎಂದು ಸೇರಿಸದೆ ಅದಕ್ಕೆ ಉತ್ತರವಿಲ್ಲ.

ಎಐ-ಎಂಎಲ್, ಡೇಟಾ ಸೈನ್ಸ್‌ನಂಥ ಹೊಸ ಬ್ರಾಂಚ್‌ಗಳಿಗೆ ಕೆಲವು ಕಾಲೇಜುಗಳಲ್ಲಿ ಮೂರು ವರ್ಷದ ಇತಿಹಾಸವೇ ಇರುವುದಿಲ್ಲ. ಕಂಪ್ಯೂಟರ್ ಕಡೆ ಸೀಟು ಹೆಚ್ಚಿಸಿದ ವರ್ಷ ಕಟ್‌ಆಫ್ ಸಡಿಲವಾಗುತ್ತದೆ, ಪಕ್ಕದ ಬ್ರಾಂಚ್‌ಗಳೂ ಹಿಂದೆಯೇ ಸಡಿಲವಾಗುತ್ತವೆ. ಆ ವರ್ಷದ ಸೀಟ್ ಮ್ಯಾಟ್ರಿಕ್ಸ್ (ಯಾವ ಕಾಲೇಜು, ಬ್ರಾಂಚಿನಲ್ಲಿ ಎಷ್ಟು ಸೀಟು ಎಂಬ ಪಟ್ಟಿ) ಬಂದ ಕೂಡಲೇ ನಿಮ್ಮ ಸಾಲುಗಳ ಪಕ್ಕ ಸೀಟಿನ ಸಂಖ್ಯೆ ಬರೆದುಕೊಳ್ಳುವುದು ಇದಕ್ಕಾಗಿ.

5. ಕಾಗದಪತ್ರ ಸರಿಯಿಲ್ಲದಿದ್ದರೆ ಲೆಕ್ಕವೆಲ್ಲ ಸುಳ್ಳು

2ಎ ಅಂಕಣ ನೋಡಿ ಪಟ್ಟಿ ಮಾಡಿ, ಪರಿಶೀಲನೆಯಲ್ಲಿ ಜಾತಿ-ಆದಾಯ ಪ್ರಮಾಣಪತ್ರ ಒಪ್ಪಿಗೆಯಾಗದಿದ್ದರೆ ನೀವು ಜಿಎಂ. ಅಷ್ಟೂ ಸಾಲು ವ್ಯರ್ಥ. ತಹಶೀಲ್ದಾರರು ಕೊಟ್ಟ ಪ್ರಮಾಣಪತ್ರದ ಮೇಲೆ 'ಆರ್‌ಡಿ' ಎಂದು ಶುರುವಾಗುವ ಸಂಖ್ಯೆ ಅರ್ಜಿಯಲ್ಲಿ ಸರಿಯಾಗಿದೆಯೇ, ಪ್ರಮಾಣಪತ್ರ ವಿದ್ಯಾರ್ಥಿಯ ಹೆಸರಿನಲ್ಲಿದೆಯೇ, ಅವಧಿ ಮುಗಿದಿಲ್ಲವೇ ನೋಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಇನಿಷಿಯಲ್, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಈಗಲೇ ನಾಡಕಚೇರಿಗೆ ಹೋಗಿ. ಫಲಿತಾಂಶ ಬಂದ ವಾರ ಅಲ್ಲಿನ ಸಾಲು ಹೇಗಿರುತ್ತದೆಂದು ಊರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ಗ್ರಾಮೀಣ ಮತ್ತು ಕನ್ನಡ ಮಾಧ್ಯಮಕ್ಕೆ ಓದಿದ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ, ಅದಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಬೇಕು. ಎರಡು ಮೂರು ಶಾಲೆ ಬದಲಾಯಿಸಿದವರು ಪ್ರತಿ ಶಾಲೆಗೂ ಹೋಗಬೇಕಾಗುತ್ತದೆ. ಒಂದೇ ಒಂದು ವರ್ಷ ಪೇಟೆಯ ಶಾಲೆಯಲ್ಲಿ ಓದಿದ್ದರೂ ಗ್ರಾಮೀಣ ಮೀಸಲು ಸಿಗುವುದಿಲ್ಲ. 371ಜೆ ಪ್ರಮಾಣಪತ್ರ ಉಪವಿಭಾಗಾಧಿಕಾರಿ ಕಚೇರಿಯದು. ಹೊರನಾಡು, ಗಡಿನಾಡು ಕನ್ನಡಿಗರಿಗೂ ಸಿಇಟಿಯಲ್ಲಿ ಬೇರೆ ಅರ್ಹತಾ ಕಲಂಗಳಿವೆ. ಕಾಸರಗೋಡು, ಸೊಲ್ಲಾಪುರ ಕಡೆಯವರು ಅದರ ಜೊತೆಗೆ ಕನ್ನಡ ಭಾಷಾ ಪರೀಕ್ಷೆ ಬರೆಯುವುದನ್ನು ಮರೆಯಬಾರದು.

6. ಬೇರೆ ಬಾಗಿಲುಗಳು

ಖಾಸಗಿ ಕಾಲೇಜಿನ ಸೀಟು ಸಾಮಾನ್ಯವಾಗಿ ಹೀಗೆ ಹಂಚಿಕೆ: 45 ಶೇಕಡ ಸಿಇಟಿಗೆ, 30 ಶೇಕಡ ಕಾಮೆಡ್‌ಕೆಗೆ (ಖಾಸಗಿ ಕಾಲೇಜುಗಳ ಒಕ್ಕೂಟದ ಪ್ರವೇಶ ಪರೀಕ್ಷೆ), ಉಳಿದದ್ದು ಆಡಳಿತ ಮಂಡಳಿಗೆ. ಕಾಮೆಡ್‌ಕೆಗೆ ಪಿಯು ಅಂಕದ ತೂಕವಿಲ್ಲ, ಪರೀಕ್ಷೆಯ 180 ಅಂಕವೇ ಎಲ್ಲ. ದೇಶದ ಯಾವ ಮೂಲೆಯವರೂ ಬರೆಯಬಹುದು, ಹಾಗಾಗಿ ಪೈಪೋಟಿ ಬೇರೆ ಥರ. ಪಿಯುನಲ್ಲಿ ಎಡವಿದ, ಆದರೆ ಎಂಸಿಕ್ಯೂ ಚುರುಕಾಗಿ ಮಾಡುವ ಹುಡುಗರಿಗೆ ಇದು ಒಳ್ಳೆಯ ದಾರಿ. ಶುಲ್ಕ ಮಾತ್ರ ಅದೇ ಕಾಲೇಜಿನ ಸಿಇಟಿ ಸೀಟಿನ ದುಪ್ಪಟ್ಟಿಗಿಂತಲೂ ಹೆಚ್ಚು. ನಾಲ್ಕು ವರ್ಷಕ್ಕೆ ಗುಣಿಸಿ, ಹಾಸ್ಟೆಲ್ ಸೇರಿಸಿ, ಆ ಮೊತ್ತವನ್ನು ಮನೆಯಲ್ಲಿ ಎಲ್ಲರೂ ಕೂತು ನೋಡಿದ ಮೇಲೆ ಪಟ್ಟಿಗೆ ಸೇರಿಸಿ.

ಜೆಇಇ ಮೇನ್ ಬರೆದವರಿಗೆ ಸುರತ್ಕಲ್‌ನ ಎನ್‌ಐಟಿಕೆ ಇದೆ. ಅಲ್ಲಿ ಅರ್ಧ ಸೀಟು ಕರ್ನಾಟಕದಲ್ಲಿ 12ನೇ ತರಗತಿ ಮುಗಿಸಿದವರಿಗೆ. ಐಐಟಿ, ಎನ್‌ಐಟಿ ಸೀಟು ಹಂಚುವ ಜೋಸಾ ಸಂಸ್ಥೆಯ ಜಾಲತಾಣದಲ್ಲಿ ಆರಂಭದ ಮತ್ತು ಅಂತಿಮ ರ‍್ಯಾಂಕ್ ಇರುತ್ತದೆ, 'ಎಚ್‌ಎಸ್' (ಹೋಮ್ ಸ್ಟೇಟ್, ತವರು ರಾಜ್ಯ) ಎಂದಿರುವ ಸಾಲನ್ನೇ ಓದಬೇಕು, 'ಒಎಸ್' ಹೊರರಾಜ್ಯದವರದು. ಧಾರವಾಡ, ರಾಯಚೂರಿನ ಐಐಐಟಿಗಳೂ ಅಲ್ಲೇ ಸಿಗುತ್ತವೆ. ಒಂದು ಎಚ್ಚರಿಕೆ: ರಾಜ್ಯದ 2ಎ, 3ಎ, 3ಬಿ ಪಟ್ಟಿಯಲ್ಲಿ ಇದ್ದ ಮಾತ್ರಕ್ಕೆ ಕೇಂದ್ರದ ಒಬಿಸಿ ಪಟ್ಟಿಯಲ್ಲೂ ಇರುತ್ತೀರಿ ಎಂದಲ್ಲ. ಕೇಂದ್ರದ ಪಟ್ಟಿ ನೋಡಿ, ಪ್ರಮಾಣಪತ್ರವೂ ಬೇರೆ ನಮೂನೆಯದು.

7. ಆಪ್ಷನ್ ಎಂಟ್ರಿ: ಇಲ್ಲಿ ಲೆಕ್ಕ ಬಿಡಿ, ಇಷ್ಟವನ್ನು ಬರೆಯಿರಿ

ಆಪ್ಷನ್ ಎಂಟ್ರಿ ಅಂದರೆ ಬೇಕಾದ ಕಾಲೇಜು-ಬ್ರಾಂಚ್‌ಗಳನ್ನು ಕೆಇಎ ಜಾಲತಾಣದಲ್ಲಿ ಕ್ರಮವಾಗಿ ತುಂಬುವುದು. ಸೈಬರ್ ಸೆಂಟರ್‌ಗಳಲ್ಲಿ ಕೇಳಿಬರುವ ಅತಿ ಕೆಟ್ಟ ಸಲಹೆ ಇದು: 'ಸಿಗೋ ಕಾಲೇಜನ್ನ ಮೇಲೆ ಹಾಕಮ್ಮ, ಇಲ್ಲಾಂದ್ರೆ ಅದೂ ಹೋಗುತ್ತೆ.' ಹಾಗೆ ಹೋಗುವುದಿಲ್ಲ. ಕಂಪ್ಯೂಟರ್ ಮಾಡುವ ಕೆಲಸ ಸರಳ. ರ‍್ಯಾಂಕ್ ಪ್ರಕಾರ ಒಬ್ಬೊಬ್ಬರನ್ನೇ ತೆಗೆದುಕೊಂಡು, ಅವರ ಪಟ್ಟಿಯ ಮೊದಲ ಸಾಲಿನಿಂದ ಕೆಳಕ್ಕೆ ಬರುತ್ತಾ, ಖಾಲಿ ಇರುವ ಮೊದಲ ಸೀಟನ್ನು ಕೊಡುತ್ತದೆ. ನಿಮ್ಮ ಸರದಿ ಬರುವುದು ನಿಮ್ಮ ರ‍್ಯಾಂಕ್‌ಗೆ, ನೀವು ಆ ಕಾಲೇಜನ್ನು ಎಷ್ಟನೇ ಸಾಲಿನಲ್ಲಿ ಬರೆದಿದ್ದೀರಿ ಎಂಬುದಕ್ಕಲ್ಲ. ಮೊದಲ ಹದಿನೈದು ಸಾಲು ಸಿಗದ ಕಾಲೇಜನ್ನೇ ಬರೆದಿದ್ದರೂ ಹದಿನಾರನೆಯದು ಖಾಲಿ ಇದ್ದರೆ ಅದು ನಿಮ್ಮದೇ. ಸಿಗುವುದನ್ನು ಮೇಲೆ ಬರೆದರೆ ಮಾತ್ರ ನಷ್ಟ, ಯಾಕೆಂದರೆ ಅದು ಸಿಕ್ಕ ಕೂಡಲೇ ಕೆಳಗಿನ ಉತ್ತಮ ಆಯ್ಕೆಗಳನ್ನು ಕಂಪ್ಯೂಟರ್ ನೋಡುವುದೇ ಇಲ್ಲ.

ಹಾಗಾದರೆ ಇಷ್ಟು ಹೊತ್ತು ಮಾಡಿದ ಮೂರು ಗುಂಪು ಯಾಕೆ? ಪಟ್ಟಿ ಎಷ್ಟು ಉದ್ದ ಇರಬೇಕು, ಎಲ್ಲಿಯವರೆಗೆ ಇಳಿಯಬೇಕು ಎಂದು ತಿಳಿಯಲಿಕ್ಕೆ. ಕ್ರಮ ಪೂರ್ತಿ ಇಷ್ಟದ್ದು. ಆದರೆ 'ಕೈಗೆ ಸಿಗುವ' ಗುಂಪಿನಿಂದ ಕನಿಷ್ಠ ಎಂಟು ಹತ್ತು ಸಾಲು ಪಟ್ಟಿಯ ಕೊನೆಯಲ್ಲಾದರೂ ಇರಲೇಬೇಕು. ಸಿಕ್ಕರೂ ಸೇರುವುದಿಲ್ಲ ಎಂದು ಗೊತ್ತಿರುವ ಕಾಲೇಜನ್ನು ಬರೆಯಲೇಬೇಡಿ.

ಕಾಲೇಜು ಮುಖ್ಯವೋ ಬ್ರಾಂಚ್ ಮುಖ್ಯವೋ ಎಂಬ ಜಗಳಕ್ಕೆ ನನ್ನ ಉತ್ತರ: ಬೆಂಗಳೂರಿನ ಹೆಸರೇ ಕೇಳದ ಕಾಲೇಜಿನ ಕಂಪ್ಯೂಟರ್ ಸೈನ್ಸ್‌ಗಿಂತ ಮೈಸೂರಿನ ಎನ್‌ಐಇ ಅಥವಾ ಎಸ್‌ಜೆಸಿಇ, ಹುಬ್ಬಳ್ಳಿಯ ಬಿವಿಬಿ, ತುಮಕೂರಿನ ಎಸ್‌ಐಟಿಯ ಎಲೆಕ್ಟ್ರಾನಿಕ್ಸ್ ಮೇಲು. ಈಗ ಅವುಗಳಲ್ಲಿ ಕೆಲವು ವಿಶ್ವವಿದ್ಯಾಲಯವಾಗಿ ಹೆಸರು ಬದಲಿಸಿಕೊಂಡಿವೆ, ಪಿಡಿಎಫ್‌ನಲ್ಲಿ ಹುಡುಕುವಾಗ ನೆನಪಿರಲಿ. ಸರ್ಕಾರಿ ಶುಲ್ಕದಲ್ಲಿ ಓದಬೇಕಾದವರ ಪಟ್ಟಿಯಲ್ಲಿ ವಿಶ್ವೇಶ್ವರಯ್ಯನವರು 1917ರಲ್ಲಿ ಶುರುಮಾಡಿದ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಯುವಿಸಿಇ ಇಲ್ಲದಿದ್ದರೆ ನನಗಂತೂ ಆಶ್ಚರ್ಯ.

8. ಅಣಕು ಹಂಚಿಕೆ, ಆಮೇಲೆ ನಾಲ್ಕು ಚಾಯ್ಸ್

ನಿಜವಾದ ಸುತ್ತಿಗೆ ಮೊದಲು ಅಣಕು ಸೀಟು ಹಂಚಿಕೆ ಇರುತ್ತದೆ. ಅಲ್ಲಿ ಸಿಕ್ಕ ಸೀಟು ಸೀಟಲ್ಲ, ಸಿಗದಿದ್ದರೆ ಅಳಬೇಕಾಗಿಯೂ ಇಲ್ಲ. ಬಹಳ ಮಂದಿ ಆ ಹೊತ್ತಿಗೆ ಅರ್ಧಂಬರ್ಧ ಪಟ್ಟಿ ತುಂಬಿರುತ್ತಾರೆ. ನಿಮ್ಮ ಪಟ್ಟಿ ಸಾಕಷ್ಟು ಕೆಳಗಿಳಿದಿದೆಯೇ ಎಂದು ನೋಡಲು ಮಾತ್ರ ಅದನ್ನು ಬಳಸಿ. ಬೇಕಾದ ಎಲ್ಲ ಸಾಲುಗಳನ್ನೂ ಮೊದಲ ಸುತ್ತಿಗೆ ಮುಂಚೆಯೇ ಸೇರಿಸಿಬಿಡಿ, ಆಮೇಲೆ ಹೊಸದಾಗಿ ಸೇರಿಸಬಹುದು ಎಂದು ಕಾಯಬೇಡಿ.

ಸೀಟು ಬಂದ ಮೇಲೆ ಚಾಯ್ಸ್-1 ಅಂದರೆ ಒಪ್ಪಿದೆ, ಶುಲ್ಕ ಕಟ್ಟಿ ಕಾಲೇಜಿಗೆ ಹೋಗುತ್ತೇನೆ. ಚಾಯ್ಸ್-2, ಇದು ಇರಲಿ, ಇದಕ್ಕಿಂತ ಮೇಲಿನದು ಸಿಕ್ಕರೆ ಕೊಡಿ. ಚಾಯ್ಸ್-3, ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. ಚಾಯ್ಸ್-4, ಯಾವುದೂ ಬೇಡ. ಹಣ ಕಟ್ಟುವ ನಿಯಮ ವರ್ಷದಿಂದ ವರ್ಷಕ್ಕೆ ಬದಲಾಗುತ್ತಿದೆ, 2024ರ ಕೊನೆಯಲ್ಲಿ ಸೀಟ್ ಬ್ಲಾಕಿಂಗ್ (ಸೇರುವ ಉದ್ದೇಶವಿಲ್ಲದೆ ಸೀಟು ಹಿಡಿದಿಡುವುದು) ಪ್ರಕರಣ ಪೊಲೀಸ್ ಠಾಣೆಗೆ ಹೋದ ಮೇಲಂತೂ ಪ್ರಾಧಿಕಾರ ಬಿಗಿಯಾಗಿದೆ. ಆ ವರ್ಷದ ಸೂಚನೆಯನ್ನೇ ಓದಿ.

ಹೆಚ್ಚಿನವರಿಗೆ ಸರಿಹೊಂದುವುದು ಚಾಯ್ಸ್-2. ಅದರಲ್ಲಿ ಒಂದು ಕೊಕ್ಕೆ ಇದೆ. ಮುಂದಿನ ಸುತ್ತಿನಲ್ಲಿ ಮೇಲಿನ ಯಾವುದಾದರೂ ಸಾಲು ಸಿಕ್ಕಿತೆಂದರೆ ಕೈಲಿದ್ದ ಸೀಟು ತಾನಾಗಿಯೇ ರದ್ದು, ವಾಪಸ್ ಕೇಳುವಂತಿಲ್ಲ. ಈಗ ಮನಸ್ಸು ಬದಲಾಗಿ ಮೇಲಿನ ಯಾವುದೋ ಕಾಲೇಜು ಬೇಡ ಅನ್ನಿಸಿದ್ದರೆ ಆ ಸಾಲನ್ನು ಅಳಿಸಿದ ಮೇಲೆಯೇ ಚಾಯ್ಸ್-2 ಒತ್ತಿ. ಚಾಯ್ಸ್-3 ಒತ್ತುವ ಮುಂಚೆ ನಿಮ್ಮ ನೋಟ್‌ಬುಕ್ ತೆಗೆದು ಕಳೆದ ವರ್ಷಗಳಲ್ಲಿ ಮೊದಲ ಸುತ್ತಿನಿಂದ ಕೊನೆಯ ಸುತ್ತಿಗೆ ನಿಮಗೆ ಬೇಕಾದ ಸೀಟು ಎಷ್ಟು ಸರಿದಿತ್ತು ನೋಡಿ. ನಿಮ್ಮ ರ‍್ಯಾಂಕ್ ಆ ಅಂತರದೊಳಗೆ ಬಾರದಿದ್ದರೆ ಸಿಕ್ಕ ಸೀಟನ್ನು ಬಿಡಬೇಡಿ.

ಚಾಯ್ಸ್ ಒತ್ತಲು ಸಿಗುವುದು ಕೆಲವೇ ದಿನ. ಒಟಿಪಿ ಬರುವುದು ಅರ್ಜಿಯಲ್ಲಿ ಕೊಟ್ಟ ಮೊಬೈಲ್‌ಗೆ. ಸೈಬರ್‌ನವರ ನಂಬರ್ ಕೊಟ್ಟು ಅರ್ಜಿ ಹಾಕಿಸಿದ್ದರೆ ಸೀಟು ಹಂಚಿಕೆ ಶುರುವಾಗುವ ಮೊದಲೇ ಅದನ್ನು ಮನೆಯ ನಂಬರ್‌ಗೆ ಬದಲಾಯಿಸಿಕೊಳ್ಳಿ.